ಕೇರಿಯ ಕರೆಂಟು ಬಿಲ್ಲು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)

ಬೆಳಗ್ಗಿನಿಂದ ಭೂಮಿ, ಮೀಸಲಾತಿ, ದೌರ್ಜನ್ಯ ಅಂತ ದೊಡ್ಡ ದೊಡ್ಡ ವಿಷಯಗಳ ಮೇಲೆ ಮಾತು ಕೇಳಿದ್ದೀರಿ. ಈಗ ಊಟ ಆಗಿದೆ, ಹಿಂದಿನ ಸಾಲಿನವರಿಗೆ ತೂಕಡಿಕೆ ಬರ್ತಾ ಇದೆ. ನಮಗೆ ಕೊಟ್ಟಿರುವ ವಿಷಯ ಕರೆಂಟು ಬಿಲ್ಲು, ಸೌದೆ, ಗ್ಯಾಸು. ಇದೂ ಒಂದು ಚಳವಳಿಯ ವಿಷಯವಾ ಅಂತ ನಿಮ್ಮಲ್ಲಿ ಕೆಲವರು ಒಳಗೊಳಗೇ ನಗಬಹುದು. ನಾವೂ ಒಂದು ಕಾಲಕ್ಕೆ ನಕ್ಕವರೇ.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯ ಕರೆಂಟು ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಮೂರು ಕೈ. ತಪ್ಪು ನಿಮ್ಮದಲ್ಲ. ಹಾಸ್ಟೆಲಿನಲ್ಲಿ ಲೈಟು ಉರಿಯುತ್ತದೆ, ಬಿಲ್ಲು ಇಲಾಖೆಯವರು ಕಟ್ಟುತ್ತಾರೆ. ಬೆಳಿಗ್ಗೆ ಬಿಸಿನೀರು ಬರದಿದ್ದರೆ ವಾರ್ಡನ್ನರ ಜತೆ ಜಗಳ ಆಡುತ್ತೇವೆ, ಆಡಬೇಕಾದ್ದೇ. ಆದರೆ ಅದೇ ಹೊತ್ತಿನಲ್ಲಿ ಊರಿನಲ್ಲಿ ನಮ್ಮ ಅವ್ವ ಯಾರ ಬೇಲಿ ಸಂದಿಯಲ್ಲಿ ಬಗ್ಗಿಕೊಂಡು ಪುಳ್ಳೆ ಆಯ್ತಾ ಇದ್ದಾಳೆ, ಯಾರ ಕೈಲಿ ಬೈಸಿಕೊಳ್ತಾ ಇದ್ದಾಳೆ ಅನ್ನೋದು ನಮಗೆ ರಜಕ್ಕೆ ಹೋದಾಗ ಮಾತ್ರ ನೆನಪಾಗುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿಸಿ, ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಯ ಒಳಗೆ ಇಳಿದು ಕಲ್ಲು ಒಡೆದವರಲ್ಲಿ ಬಹಳ ಜನ ತಮಿಳು ಸೀಮೆಯಿಂದ ಬಂದ ದಲಿತರು. ಅಂದರೆ ಈ ನಾಡಿನ ಕರೆಂಟು ಮೊದಲು ಹೋದದ್ದು ಚಿನ್ನ ಇರುವ ಕಡೆಗೆ. ದಾರಿಯಲ್ಲಿದ್ದ ಹಳ್ಳಿಗಳ ನೆತ್ತಿಯ ಮೇಲೆ ತಂತಿ ಹಾಯ್ದು ಹೋಯಿತು.

ಇನ್ನೊಂದು ವಿಷಯ ನಮ್ಮ ಹುಡುಗರಿಗೇ ಗೊತ್ತಿಲ್ಲ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ ವಿದ್ಯುತ್ತೂ ಅವರ ಕೈಯಲ್ಲೇ ಇತ್ತು. 1943ರ ಅಕ್ಟೋಬರಿನಲ್ಲಿ ವಿದ್ಯುತ್ ನೀತಿಯ ಸಮಿತಿಯಲ್ಲಿ ಅಧ್ಯಕ್ಷರಾಗಿ ಕೂತು ಅವರು ಚರ್ಚೆಗಿಟ್ಟ ಪ್ರಶ್ನೆ ಏನು ಗೊತ್ತಾ? ವಿದ್ಯುತ್ತು ಖಾಸಗಿಯವರ ಕೈಲಿರಬೇಕೋ ಸರ್ಕಾರದ ಕೈಲಿರಬೇಕೋ, ಅದು ಅಗ್ಗವಾಗಿ, ಧಾರಾಳವಾಗಿ ಸಿಗಬೇಕಾದರೆ ಯಾವ ದಾರಿ ಅನ್ನೋದು. ಬಡತನದ ಸುಳಿಯಿಂದ ಜನ ಹೊರಗೆ ಬರಬೇಕಾದರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗದ ವಿದ್ಯುತ್ತು ಬೇಕು ಅನ್ನೋದು ಅವರ ವಾದ. ಸಂವಿಧಾನ ಬರೆದ ಕೈ ಕರೆಂಟಿನ ಲೆಕ್ಕವನ್ನೂ ಹಾಕಿತ್ತು. ನಾವು ಫೋಟೊಕ್ಕೆ ಹಾರ ಹಾಕಿ ಲೆಕ್ಕ ಬಿಟ್ಟೆವು.

ನಮ್ಮ ಕೇರಿಗಳಿಗೆ ಕರೆಂಟು ಬಂದದ್ದು 'ಭಾಗ್ಯಜ್ಯೋತಿ' ಅನ್ನೋ ಹೆಸರಿನಲ್ಲಿ. 1988–89ರಲ್ಲಿ ಕೇಂದ್ರದ 'ಕುಟೀರ ಜ್ಯೋತಿ' ಬಂತು. ಗುಡಿಸಲಿಗೆ ಒಂದು ಬಲ್ಬು. ಬಲ್ಬು ಹತ್ತಿದ ರಾತ್ರಿ ನಮ್ಮ ತಾತಂದಿರು ನಿದ್ದೆ ಮಾಡದೆ ಅದನ್ನೇ ನೋಡ್ತಾ ಕೂತಿದ್ದರಂತೆ. ಅದನ್ನು ನಾವು ಹಗುರ ಮಾಡೋದಿಲ್ಲ. ಆದರೆ ಷರತ್ತು ನೋಡಿ. ತಿಂಗಳಿಗೆ 18 ಯೂನಿಟ್ಟಿನ ಮಿತಿ. ಎಷ್ಟೋ ವರ್ಷ ಕಳೆದ ಮೇಲೆ ಅದು 40 ಆಯಿತು. ಮಿತಿ ದಾಟಿದರೆ, ಇಲ್ಲಾ ಇನ್ನೊಂದು ಪಾಯಿಂಟು ಎಳೆದುಕೊಂಡರೆ, ಎಲ್ಲರ ಹಾಗೆ ಬಿಲ್ಲು.

18 ಯೂನಿಟ್ಟು ಅಂದರೆ ಎಷ್ಟು? ವಿಜ್ಞಾನದ ಹುಡುಗರು ಇದ್ದೀರಿ, ಲೆಕ್ಕ ಹಾಕಿ. ಸಾವಿರ ವಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. 40 ವಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 6 ಯೂನಿಟ್ಟು. 75 ವಾಟಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ ಅದೊಂದೇ 18 ಯೂನಿಟ್ಟು. ಬಕೆಟ್ಟಿಗೆ ಅದ್ದುವ ಸಾವಿರ ವಾಟಿನ ಕಾಯಿಲನ್ನು ದಿನಕ್ಕೊಂದು ಗಂಟೆ ಹಾಕಿದರೆ 30 ಯೂನಿಟ್ಟು. ಹಾಗಾದರೆ ಆ ಯೋಜನೆ ಮಾಡಿದವರ ಮನಸ್ಸಿನಲ್ಲಿ ನಮ್ಮ ಮನೆ ಹೇಗಿತ್ತು? ಬಲ್ಬು ಉಂಟು, ಫ್ಯಾನಿಲ್ಲ. ಬಿಸಿನೀರಂತೂ ಯೋಚನೆಗೇ ಇಲ್ಲ.

2022ರಲ್ಲಿ ಪರಿಶಿಷ್ಟರ ಬಡ ಮನೆಗಳಿಗೆ 75 ಯೂನಿಟ್ಟಿನ 'ಅಮೃತ ಜ್ಯೋತಿ' ಅಂದರು. 2023ರ ಜುಲೈಯಿಂದ 'ಗೃಹಜ್ಯೋತಿ' ಬಂತು. ಹಳೆಯವೆಲ್ಲ ಇದರ ಒಳಗೆ ಸೇರಿದವು. 200 ಯೂನಿಟ್ಟು ಫ್ರೀ ಅಂತ ಎಲ್ಲರ ಬಾಯಲ್ಲೂ ಇದೆ. ಎಲ್ಲರಿಗೂ 200 ಇಲ್ಲ ಗೆಳೆಯರೆ. 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಮಾತ್ರ ಫ್ರೀ. ಅದನ್ನು ದಾಟಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಪಟ್ಟಣದಲ್ಲಿ 150 ಯೂನಿಟ್ಟು ಉರಿಸುತ್ತಿದ್ದ ಮನೆಗೆ 165 ಫ್ರೀ. ನಮ್ಮ ಕೇರಿಯಲ್ಲಿ ಹೆದರಿ ಹೆದರಿ 30 ಉರಿಸಿದ ಮನೆಗೆ 33! 2024ರ ಜನವರಿಯಲ್ಲಿ ಸಂಪುಟ ಇದನ್ನು ತಿದ್ದಿತು. 48 ಯೂನಿಟ್ಟಿಗಿಂತ ಕಡಿಮೆ ಉರಿಸುವವರಿಗೆ ಶೇಕಡ ಹತ್ತರ ಬದಲು ಹತ್ತು ಯೂನಿಟ್ಟು. ಆ 33 ಈಗ 40 ಆಯಿತು. ಒಳ್ಳೆಯದೇ ಆಯಿತು. ಆದರೆ ಬೇರು ಹಾಗೇ ಇದೆ. ಕತ್ತಲಲ್ಲಿ ಇದ್ದವನಿಗೆ ಅವನ ಕತ್ತಲನ್ನೇ ಅಳತೆಗೋಲು ಮಾಡಿ ಬೆಳಕು ಅಳೆದು ಕೊಡುತ್ತಾರೆ. ಈ ಅಳತೆಯನ್ನು ನಾವು ಪ್ರಶ್ನೆ ಮಾಡಬೇಕು. ಇದರಿಂದ ನಮ್ಮ ಕೇರಿಯ ಎಷ್ಟೋ ಮನೆಗಳಲ್ಲಿ ಈಗ ತಿಂಗಳಿಗೆ ಸೊನ್ನೆ ಬಿಲ್ಲು ಬರುತ್ತಿದೆ ಅನ್ನೋದನ್ನೂ ಒಪ್ಪಬೇಕು. ಎರಡನ್ನೂ ಒಟ್ಟಿಗೆ ಹೇಳೋಕೆ ಆಗದಿದ್ದರೆ ನಾವು ಯಾವುದೋ ಪಕ್ಷದ ಬಾಲ ಆಗ್ತೀವಿ ಅಷ್ಟೆ.

ಕಾಲೇಜಿನಲ್ಲಿ ನಿಮ್ಮನ್ನು ಚುಚ್ಚುತ್ತಾರೆ: 'ನಿಮ್ಮೋರಿಗೆ ಎಲ್ಲಾ ಬಿಟ್ಟಿ, ನಾವು ಟ್ಯಾಕ್ಸ್ ಕಟ್ಟಬೇಕು.' ತಲೆ ತಗ್ಗಿಸಬೇಡಿ, ಜಗಳಕ್ಕೂ ಹೋಗಬೇಡಿ. ಒಂದು ಮಾತು ಕೇಳಿ. 2008ರಿಂದ ಈ ರಾಜ್ಯದಲ್ಲಿ 10 ಹಾರ್ಸ್ ಪವರಿನವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಫ್ರೀ. ಪಂಪ್‌ಸೆಟ್ಟು ಇರೋದು ಯಾರ ಹತ್ತಿರ? ಜಮೀನು ಇರುವವರ ಹತ್ತಿರ. ಗಂಗಾ ಕಲ್ಯಾಣದಲ್ಲಿ ಬೋರು ಕೊರೆಸಿಕೊಂಡ ನಮ್ಮವರೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ರೈತರಿಗೆ ಕೊಡುವುದನ್ನು ನಿಲ್ಲಿಸಿ ಅಂತ ನಾವು ಹೇಳೋದಿಲ್ಲ, ಅವರ ಕಷ್ಟ ಅವರಿಗಿದೆ. ಆದರೆ ಅದು ರೈತನ ಹಕ್ಕು, ಇದು ಕೂಲಿಯವನ ಬಿಟ್ಟಿ ಅನ್ನೋ ನಾಲಗೆ ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ಅವರೇ ಹುಡುಕಿಕೊಳ್ಳಲಿ.

ಈಗ ನಾವು ಕಣ್ಣಾರೆ ಕಂಡದ್ದು. ಒಂದು ರಜದಲ್ಲಿ ನಾವು ನಾಲ್ಕು ಜನ ಒಂದು ಕೇರಿಗೆ ಹೋಗಿದ್ದೆವು. ಅಲ್ಲೊಬ್ಬ ಅಜ್ಜಿ. ಮಗ ಸೊಸೆ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಇಲ್ಲಿ ಅಜ್ಜಿ ಮತ್ತೆ ಏಳನೇ ಕ್ಲಾಸಿನ ಮೊಮ್ಮಗಳು. ಮೂರು ತಿಂಗಳಿಂದ ಮನೆಗೆ ಕರೆಂಟಿಲ್ಲ. ಹುಡುಗಿ ಪಕ್ಕದ ಮನೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದಳು. 'ಯಾಕಜ್ಜಿ ಕಿತ್ತರು?' ಅಂದರೆ, 'ಬಾಕಿ ಅಂತೆ ಕಣ್ಮಗಾ, ಅದೇನು ಬರ್ದವ್ರೋ ನೋಡು' ಅಂತ ಸೊಂಟದ ಎಲೆಅಡಿಕೆ ಚೀಲದಿಂದ ಒಂದು ಹಿಡಿ ಚೀಟಿ ತೆಗೆದಳು. ಒಂದನ್ನೂ ಬಿಸಾಕಿರಲಿಲ್ಲ. ಕೆಲವು ಮಾಸಿ ಬರೀ ಬಿಳೀ ಕಾಗದ ಆಗಿದ್ದವು.

ಸಂಜೆಯವರೆಗೆ ಕೂತು ಓದಿದೆವು. ಮೀಟರು ಕೆಟ್ಟು ನಿಂತಿತ್ತು. ತಿಂಗಳ ಮೇಲೆ ತಿಂಗಳು ಅಂದಾಜಿನ ಬಿಲ್ಲು ಬರೆದಿದ್ದರು. ಕೆಲವು ತಿಂಗಳು 'ಬಾಗಿಲು ಹಾಕಿತ್ತು' ಅಂತ. ಅಜ್ಜಿ ಕೂಲಿಗೆ ಹೋದ ಹೊತ್ತಲ್ಲಿ ಬಾಗಿಲು ಹಾಕದೆ ಇನ್ನೇನು? ಅಂದಾಜಿನ ಮೇಲೆ ಬಾಕಿ, ಬಾಕಿಯ ಮೇಲೆ ಬಡ್ಡಿ. ಸಾಲದ್ದಕ್ಕೆ ಕನೆಕ್ಷನ್ನು ತೀರಿಹೋದ ಅಜ್ಜನ ಹೆಸರಲ್ಲಿತ್ತು. ಆದ್ದರಿಂದ ಗೃಹಜ್ಯೋತಿಗೆ ಬರೆಸೋಕೆ ಹೋದಾಗ ಹೆಸರು ಹೊಂದಲ್ಲ ಅಂತ ಯಾರೋ ವಾಪಸ್ಸು ಕಳಿಸಿದ್ದರು. ಅಜ್ಜಿ ಮತ್ತೆ ಹೋಗಿರಲಿಲ್ಲ.

ಆಫೀಸಿಗೆ ಹೋದೆವು. ಮೊದಲ ದಿನ ಸಾಹೇಬರು ಸೈಟಿಗೆ ಹೋಗಿದ್ದಾರೆ ಅಂದರು. ಎರಡನೆಯ ದಿನ, 'ಬಾಕಿ ಕಟ್ಟಿ, ಆಮೇಲೆ ಮಾತು' ಅಂದರು. ನಾವು ಜೋರು ಮಾಡಲಿಲ್ಲ. ಬಿಳೀ ಹಾಳೆಯಲ್ಲಿ ಕನ್ನಡದಲ್ಲಿ ಅರ್ಜಿ ಬರೆದು, ಕನೆಕ್ಷನ್ ಕೀಳುವ ಮೊದಲು ಕೊಟ್ಟ ನೋಟೀಸಿನ ನಕಲು ಕೊಡಿ ಅಂತ ಕೇಳಿದೆವು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಂ ಪ್ರಕಾರ ಬಾಕಿಗಾಗಿ ಕರೆಂಟು ಕೀಳಬೇಕಾದರೆ ಪೂರ್ತಿ 15 ದಿನದ ಲಿಖಿತ ನೋಟೀಸು ಕೊಡಬೇಕು. ಅದೇ ಕಲಂ ಪ್ರಕಾರ ಎರಡು ವರ್ಷ ಮೀರಿದ ಹಳೇ ಬಾಕಿಯನ್ನು, ಬಿಲ್ಲಿನಲ್ಲಿ ಬಿಡದೆ ತೋರಿಸುತ್ತಾ ಬಂದಿದ್ದರೆ ಹೊರತು, ವಸೂಲಿ ಮಾಡುವ ಹಾಗಿಲ್ಲ. ನೋಟೀಸಿನ ನಕಲು ಅವರ ಹತ್ತಿರ ಇರಲಿಲ್ಲ. ಕುರ್ಚಿ ಕೊಟ್ಟರು! ಮೂರನೆಯ ಸಲ ಹೋದಾಗ ಮೀಟರು ಬದಲಾಯಿತು, ಬಾಕಿಯನ್ನು ಕಂತು ಮಾಡಿದರು. ಪೂರ್ತಿ ಮನ್ನಾ ಆಗಲಿಲ್ಲ, ಅಜ್ಜಿ ಈಗಲೂ ಅಷ್ಟಿಷ್ಟು ಕಟ್ಟುತ್ತಿದ್ದಾಳೆ. ಹೆಸರು ಬದಲಾವಣೆಗೆ ಇನ್ನೂ ಎರಡು ತಿಂಗಳು ಹಿಡಿಯಿತು. ಆಮೇಲೆ ಗೃಹಜ್ಯೋತಿಗೆ ಬರೆಸಿದೆವು.

ನಮ್ಮನ್ನು ಚುಚ್ಚಿದ್ದು ಆ ಆಫೀಸಿನವರ ಮಾತಲ್ಲ. ಆ ಕೇರಿಯಲ್ಲಿ ಡಿಗ್ರಿ ಓದಿದವರು ಐದು ಜನ ಇದ್ದರು. ಒಬ್ಬರೂ ಆ ಚೀಟಿ ಬಿಡಿಸಿ ನೋಡಿರಲಿಲ್ಲ.

ಇಷ್ಟಾಗಿ ಇದು ಬಲ್ಬಿನ ಮಾತು. ಒಲೆಯ ಮಾತು ಇನ್ನೂ ಕಷ್ಟ. ಜಮೀನಿಲ್ಲದವನಿಗೆ ಸೌದೆಯೂ ಇಲ್ಲ. ಹೊಲ ಇದ್ದವನಿಗೆ ತೊಗರಿ ಕಡ್ಡಿ, ಹತ್ತಿ ಕಡ್ಡಿ, ಬದುವಿನ ಜಾಲಿ; ದನ ಇದ್ದವನಿಗೆ ಬೆರಣಿ. ನಮ್ಮ ಹೆಣ್ಣುಮಕ್ಕಳಿಗೆ ಕಂಡವರ ಬೇಲಿ. ಊರಿನವರ ಜತೆ ತಕರಾರು ಆಯಿತೋ, ಹೊಲಕ್ಕೆ ಕಾಲಿಡಬೇಡಿ ಅನ್ನೋದು ಅವರ ಮೊದಲ ಮಾತು. ಆವತ್ತಿನಿಂದ ಒಲೆ ಉರಿಯೋದೂ ಕಷ್ಟ.

2016ರಲ್ಲಿ ಉಜ್ವಲ ಯೋಜನೆ ಬಂತು. ಹೆಂಗಸರ ಹೆಸರಿಗೇ ಗ್ಯಾಸು. ಸಿಲಿಂಡರು ಮನೆಗೆ ಬಂತು, ಖಾಲಿಯಾಯಿತು, ಎಷ್ಟೋ ಮನೆಯಲ್ಲಿ ಮೂಲೆಯಲ್ಲಿ ನಿಂತಿತು. ಮೊದಮೊದಲು ಒಲೆಗೂ ಮೊದಲ ಸಿಲಿಂಡರಿಗೂ ಸಾಲ ಕೊಟ್ಟು, ಆ ಸಾಲವನ್ನು ಮುಂದಿನ ಸಬ್ಸಿಡಿಯಲ್ಲಿ ಮುರಿದುಕೊಳ್ಳುತ್ತಿದ್ದರು. 2021ರ ಎರಡನೇ ಸುತ್ತಿನಲ್ಲಿ ಅವೆರಡನ್ನೂ ಫ್ರೀ ಮಾಡಿದರು. 2022ರಲ್ಲಿ ಸಿಲಿಂಡರಿನ ಬೆಲೆ ಸಾವಿರ ದಾಟಿತು. ಆ ವರ್ಷ ಉಜ್ವಲದವರಿಗೆ 200 ರೂಪಾಯಿ ಸಬ್ಸಿಡಿ ಅಂದರು, 2023ರ ಅಕ್ಟೋಬರಿನಲ್ಲಿ ಅದನ್ನು 300 ಮಾಡಿದರು. ಆದರೆ ಮೊದಲು ಪೂರ್ತಿ ದುಡ್ಡು ಕೊಟ್ಟು ಸಿಲಿಂಡರು ಇಳಿಸಿಕೊಳ್ಳಬೇಕು, ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬರುತ್ತದೆ. ಕೂಲಿಯವರ ಮನೆಯಲ್ಲಿ ದುಡ್ಡು ಒಟ್ಟಿಗೆ ಇರೋದಿಲ್ಲ. ಸೌದೆ ಇವತ್ತಿಗೆ ಎಷ್ಟು ಬೇಕೋ ಅಷ್ಟು ಸಿಗುತ್ತದೆ, ಗ್ಯಾಸು ತಿಂಗಳಿಗಾಗುವಷ್ಟು ಒಂದೇ ಸಲ ಕೊಳ್ಳಬೇಕು. ಅದಕ್ಕೇ 14.2 ಕಿಲೋ ಬದಲು 5 ಕಿಲೋ ಸಿಲಿಂಡರು ಕೇಳಿ ಪಡೆಯಬಹುದು ಅನ್ನೋದನ್ನು ನಿಮ್ಮ ಅವ್ವಂದಿರಿಗೆ ಹೇಳಿ. ಏಜೆನ್ಸಿಯವರು ತಾವಾಗಿ ಹೇಳಿದ್ದನ್ನು ನಾವಂತೂ ಕಂಡಿಲ್ಲ.

ಮಲೆನಾಡಿನ, ಕೊಡಗಿನ ಕಡೆಯ ಹುಡುಗರು ಇಲ್ಲಿದ್ದೀರಿ. ಕಾಫಿ ತೋಟದ ಲೈನು ಮನೆ ನಿಮಗೆ ಗೊತ್ತು. ಆಷಾಢದ ಮಳೆ ಹಿಡಿದರೆ ಅಲ್ಲಿ ಬೆಂಕಿ ಬರೀ ಅಡುಗೆಗಲ್ಲ. ಮೈ ಕಾಯಿಸಿಕೊಳ್ಳೋಕೆ, ಒದ್ದೆ ಬಟ್ಟೆ ಒಣಗಿಸೋಕೆ, ಮಗುವನ್ನು ಬೆಚ್ಚಗಿಡೋಕೆ ಅದೇ ಬೆಂಕಿ. ನಾವು ಹೋದ ಲೈನಿನಲ್ಲಿ ಮೀಟರು ತೋಟದ ಮಾಲೀಕರ ಹೆಸರಲ್ಲಿತ್ತು. ಕೂಲಿಯವರ ಹೆಸರಲ್ಲಿ ಆರ್.ಆರ್. ನಂಬರಿಲ್ಲ, ನಂಬರಿಲ್ಲದವರಿಗೆ ಗೃಹಜ್ಯೋತಿಯಿಲ್ಲ. ಮನೆಯ ಮಾಲೀಕರಷ್ಟೇ ಅಲ್ಲ, ವಾಸ ಇರುವವರೂ ಕರೆಂಟು ಕೇಳಬಹುದು ಅಂತ ಅದೇ ಕಾಯ್ದೆಯ 43ನೇ ಕಲಂ ಹೇಳುತ್ತದೆ. ಅದನ್ನು ಹೇಳಿದೆವು. ಒಬ್ಬರು ಹಿರಿಯರು ಅಂದರು: 'ಅರ್ಜಿ ಹಾಕಿದ ದಿನವೇ ಲೈನು ಖಾಲಿ ಮಾಡು ಅಂತಾರೆ ಮಗ, ಆಗ ನೀ ಎಲ್ಲಿಟ್ಕತೀಯ ನಮ್ಮನ್ನ?' ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮನೆಯ ಜಾಗ ಅವರದ್ದಾಗದೆ ಮೀಟರು ಅವರದ್ದಾಗೋದು ಕಷ್ಟ. ಬೆಳಿಗ್ಗೆ ನೀವು ಕೇಳಿದ ಭೂಮಿಯ ಪ್ರಶ್ನೆ ಮತ್ತೆ ಇಲ್ಲಿಗೇ ಬಂದು ನಿಂತಿತು.

ಆಗಬಹುದಾದ ಕೆಲಸ ಹೇಳಿ ಮುಗಿಸುತ್ತೇವೆ. ಈ ರಜಕ್ಕೆ ಊರಿಗೆ ಹೋದಾಗ ನಿಮ್ಮ ಕೇರಿಯ ಹತ್ತು ಮನೆಯ ಬಿಲ್ಲು ಓದಿ. ಯಾರ ಹೆಸರಲ್ಲಿದೆ, ಆ ಮನುಷ್ಯ ಬದುಕಿದ್ದಾರಾ, ಎಷ್ಟು ಯೂನಿಟ್ಟು ಫ್ರೀ ಬರೆದಿದ್ದಾರೆ, ಬಾಕಿ ಯಾವ ಕಾಲದ್ದು, ಮೀಟರು ತಿರುಗುತ್ತಿದೆಯಾ, ಇಷ್ಟು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಪಟ್ಟಣದಲ್ಲಿ ಬಾಡಿಗೆಗೆ ಇರುವ ನಮ್ಮವರು ಮನೆ ಬದಲಿಸಿದ್ದರೆ ಹಳೇ ಮನೆಯ ನಂಬರಿನಿಂದ ಹೆಸರು ಬಿಡಿಸಿ ಹೊಸದಕ್ಕೆ ಸೇರಿಸಬೇಕು. ಸೇವಾಸಿಂಧುವಿನಲ್ಲಿ ಅದಕ್ಕೆ ದಾರಿಯಿದೆ, ಅವರಿಗೆ ಮಾಡಿಕೊಡಿ. ಅರ್ಜಿ ಕೊಟ್ಟಾಗ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಆಫೀಸಿನಲ್ಲಿ ಕೆಲಸ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ ಅಂತ ಪ್ರತಿಯೊಂದು ವಿದ್ಯುತ್ ಕಂಪನಿಯಲ್ಲೂ ಇರಲೇಬೇಕು, ಅಲ್ಲಿಗೆ ಬರೆಯಿರಿ. ಲೈನ್‌ಮನ್ನಿನ ಮೇಲೆ ಕೂಗಾಡಬೇಡಿ. ಕಂಬ ಹತ್ತುವವನೂ ನಮ್ಮ ನಿಮ್ಮಂಥವರ ಮನೆ ಮಗನೇ.

ಮುಂದಿನ ತಿಂಗಳ ಸಭೆಗೆ ಬರುವಾಗ ಆ ನೋಟುಪುಸ್ತಕ ತನ್ನಿ, ಜತೆಗೆ ನಿಮ್ಮ ಮನೆಯದೇ ಒಂದು ಬಿಲ್ಲು. ಎಲ್ಲರೂ ಒಟ್ಟಿಗೆ ಕೂತು ಓದೋಣ. ಮೂರು ಕೈ ಎತ್ತಿದರಲ್ಲ, ಅವರು ಕಲಿಸುತ್ತಾರೆ.