ಅಡ್ಜಸ್ಟ್ ಮಾಡ್ಕೋ ಎನ್ನುವ ಮುನ್ನ

ನಮ್ಮ ಈ ಕನ್ನಡದ ಹೊತ್ತಿನಲ್ಲಿ ಸಾಮಾನ್ಯವಾಗಿ ಹಾಡು, ಹರಟೆ, ಊರಿನ ನೆನಪು ಇರುತ್ತವೆ. ಇವತ್ತು ಎರಡು ಹಾಡಿನ ನಡುವೆ ಸ್ವಲ್ಪ ಬೇರೆ ಮಾತು. ಅದು ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತದೆ.

ಕೆಲವು ತಿಂಗಳ ಹಿಂದೆ ಕಾರ್ಯಕ್ರಮ ಮುಗಿದ ಮೇಲೆ ಸ್ಟುಡಿಯೋಗೆ ಒಂದು ಫೋನ್ ಬಂತು. ಯಾವ ಹಾಡು ಬೇಕಮ್ಮ ಎಂದು ಕೇಳಿದೆ. "ಹಾಡು ಬ್ಯಾಡ್ರಿ ಅಕ್ಕಾ, ಸ್ವಲ್ಪ ಮಾತಾಡೋದಿತ್ತು" ಎಂದಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಪಿ.ಜಿ.ಯಲ್ಲಿ ವಾಸ. ತನ್ನವರು ಅಂತ ಈ ಮಹಾನಗರದಲ್ಲಿ ಯಾರೂ ಇಲ್ಲ. ತಂಡದ ಮುಖ್ಯಸ್ಥನಿಂದ ತೊಂದರೆ. ಅದೇನೆಂದು ನಾನು ಇಲ್ಲಿ ಹೇಳುವುದಿಲ್ಲ. ಆಕೆ ಯಾರೆಂದು ಗೊತ್ತಾಗಬಾರದು. ಇಷ್ಟು ಹೇಳಲು ಆಕೆಯೇ ಒಪ್ಪಿದ್ದಾಳೆ. ಊರಿಗೆ ತಿಳಿಸಿದರೆ ಕೆಲಸ ಬಿಟ್ಟು ಬಾ ಎನ್ನುತ್ತಾರೆ, ಆಫೀಸಿನಲ್ಲಿ ಹೇಳಿದರೆ ಕೆಲಸವೇ ಹೋಗಬಹುದು. ಕನ್ನಡದಲ್ಲಿ ದುಃಖ ಹೇಳಿಕೊಳ್ಳಲು ಅವಳಿಗೆ ಹೊಳೆದದ್ದು ರೇಡಿಯೋದ ದನಿ ಮಾತ್ರ.

ನಾನೇನು ಹೇಳಿದೆ ಗೊತ್ತೇ? "ನೋಡಮ್ಮ, ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ. ಅವನು ಹೇಗೂ ಆನ್‌ಸೈಟ್ ಹೋಗ್ತಾನೆ ಅಂತೀಯಲ್ಲ, ಎಲ್ಲ ಸರಿಹೋಗುತ್ತೆ."

ಅವನು ಹೋದ. ನಾಲ್ಕು ತಿಂಗಳ ಮೇಲೆ ಮತ್ತೆ ಅದೇ ದನಿ. "ಅಕ್ಕಾ, ನೀವು ಹೇಳಿದಂಗ ಅಡ್ಜಸ್ಟ್ ಮಾಡ್ಕೊಂಡೆ. ಅವ ವಾಪಸ್ ಬರಾಕತ್ಯಾನ, ಅದೇ ಟೀಮಿಗೆ. ಈಗ ಕಂಪ್ಲೇಂಟ್ ಕೊಡ್ಲೇನ್ರಿ?"

ಆ ರಾತ್ರಿ ಕೂತು ಕಾನೂನು ಓದಿದೆ. ಮೊದಲೇ ಓದಬೇಕಿತ್ತು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಒಂದರ ಮೇಲೊಂದು ಘಟನೆ ನಡೆದಿದ್ದರೆ ಕೊನೆಯದರಿಂದ ಮೂರು ತಿಂಗಳು, ಎಂದಿತ್ತು. ನನ್ನ ಬುದ್ಧಿಮಾತು ಅವಳ ಆ ಮೂರು ತಿಂಗಳನ್ನೂ ನುಂಗಿಹಾಕಿತ್ತು.

ನಮ್ಮಲ್ಲಿ ಒಂದು ಗಾದೆ ಇದೆ. ಮುಳ್ಳಿನ ಮೇಲೆ ಸೆರಗು ಬಿದ್ದರೂ ಸೆರಗಿನ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಸೆರಗೇ. ಅಜ್ಜಿ ಹೇಳಿದರು, ಅಮ್ಮ ಹೇಳಿದರು, ನಾನೂ ಬೇರೆ ಮಾತಿನಲ್ಲಿ ಅದನ್ನೇ ಹೇಳಿದೆ. ಸೆರಗು ಜೋಪಾನ ಎನ್ನುವ ಈ ಗಾದೆಯಲ್ಲಿ ಮುಳ್ಳನ್ನು ಕಡಿಯುವ ಮಾತೇ ಇಲ್ಲ ನೋಡಿ.

ಮುಳ್ಳು ಕಡಿಯುವ ದಾರಿಯನ್ನು ತೆರೆದದ್ದು ಓದಿದವರ ಆಫೀಸಲ್ಲ, ರಾಜಸ್ಥಾನದ ಒಂದು ಹಳ್ಳಿ. ಭಂವರಿ ದೇವಿ ಎಂಬ ಕಾರ್ಯಕರ್ತೆ ಸರಕಾರದ ಯೋಜನೆಯೊಂದರಲ್ಲಿ ದುಡಿಯುತ್ತಾ ಬಾಲ್ಯವಿವಾಹ ತಡೆಯಲು ಹೋದರು. 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸ ಮಾಡಿದ್ದಕ್ಕೇ ಹೀಗಾದರೆ ಕೆಲಸ ಕೊಟ್ಟವರ ಹೊಣೆ ಏನು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1997ರಲ್ಲಿ ಬಂದ ವಿಶಾಖಾ ತೀರ್ಪು ಎಲ್ಲ ಕಚೇರಿಗಳಿಗೂ ನಿಯಮ ಹಾಕಿತು. ಅದು ಪೂರ್ಣ ಕಾನೂನಾಗಲು ಮತ್ತೆ 16 ವರ್ಷ ಬೇಕಾಯಿತು, ಬಂದದ್ದು 2013ರಲ್ಲಿ. ಇಂದು ಗಾಜಿನ ಕಟ್ಟಡಗಳಲ್ಲಿ ಕೂತ ನಮ್ಮ ಹೆಣ್ಣುಮಕ್ಕಳಿಗೆ ಇರುವ ರಕ್ಷಣೆ ಆ ಹಳ್ಳಿಯ ಹೆಂಗಸಿನ ನೋವಿನಿಂದ ಬಂದದ್ದು.

ಕಾನೂನು ಏನೆನ್ನುತ್ತದೆ? ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷರು, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರು, ಹೊರಗಿನವರು ಒಬ್ಬರು. ಸಮಿತಿ ಮಾಡದ ಕಂಪನಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರ ಸಣ್ಣ ಸ್ಟಾರ್ಟ್‌ಅಪ್ ಆದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಟ್ರೈನಿ, ಪ್ರೊಬೇಷನ್, ಕಂಟ್ರ್ಯಾಕ್ಟ್ ಕೆಲಸದವರಿಗೂ ಈ ಹಕ್ಕಿದೆ. ಕಂಪನಿ ಕಳಿಸುವ ಕ್ಯಾಬ್ ಕೂಡ ಕೆಲಸದ ಜಾಗವೇ.

ಮೈಮುಟ್ಟಿದರೆ ಮಾತ್ರ ಕಿರುಕುಳ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಬೇಡವೆಂದರೂ ಬಿಡದ ಅಶ್ಲೀಲ ಮಾತು, ರಾತ್ರಿಯ ಮೆಸೇಜು, ತೋರಿಸುವ ಚಿತ್ರ, ಒಪ್ಪಿದರೆ ರೇಟಿಂಗ್ ಒಪ್ಪದಿದ್ದರೆ ಬೆಂಚು ಎಂಬ ಸೂಚನೆ, ಎಲ್ಲವೂ ಅದರೊಳಗೆ ಬರುತ್ತವೆ. ಇದಕ್ಕೆ ನೆಲ ಹದಮಾಡುವ ಸಣ್ಣ ಸಂಗತಿಗಳೂ ಇವೆ. ಮೀಟಿಂಗಿನಲ್ಲಿ ಟಿಪ್ಪಣಿ ಬರೆಯುವ ಕೆಲಸ ಯಾವಾಗಲೂ ಹುಡುಗಿಗೆ. ಅವಳು ಹೇಳಿದ ಉಪಾಯವನ್ನೇ ಹತ್ತು ನಿಮಿಷ ಬಿಟ್ಟು ಅವನು ಹೇಳಿದರೆ ಚಪ್ಪಾಳೆ. ಅವಳಿಗೆ ಪ್ರಮೋಷನ್ ಬಂದರೆ ಕ್ಯಾಂಟೀನಿನಲ್ಲಿ ಪಿಸುಮಾತು. ಇದಕ್ಕೆಲ್ಲ ನಕ್ಕು ಸುಮ್ಮನಾಗುವ ತಂಡದಲ್ಲಿ ದೊಡ್ಡ ತಪ್ಪಿಗೂ ಧೈರ್ಯ ಬರುತ್ತದೆ.

ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಊಬರ್ ಕಂಪನಿಯ ಎಂಜಿನಿಯರ್ ಆಗಿದ್ದ ಸೂಸನ್ ಫೌಲರ್ 2017ರ ಫೆಬ್ರುವರಿಯಲ್ಲಿ ತಮ್ಮ ಅನುಭವ ಬರೆದರು. ಹೊಸ ತಂಡ ಸೇರಿದ ಮೊದಲ ದಿನವೇ ಮ್ಯಾನೇಜರ್ ಕಳಿಸಿದ ಸಂದೇಶಗಳನ್ನು ಆಕೆ ಹಾಗೇ ಉಳಿಸಿಕೊಂಡು ಎಚ್.ಆರ್.ಗೆ ತೋರಿಸಿದ್ದರು. ಅವನು ಒಳ್ಳೆಯ ಕೆಲಸಗಾರ, ಇದು ಅವನ ಮೊದಲ ತಪ್ಪು, ಎಚ್ಚರಿಕೆ ಕೊಡುತ್ತೇವೆ ಎಂಬ ಉತ್ತರ ಬಂತು. ಆಮೇಲೆ ಬೇರೆ ಮಹಿಳೆಯರ ಜೊತೆ ಮಾತಾಡಿದಾಗ, ಅವನ ಮೇಲೆ ಮೊದಲೇ ದೂರು ಹೋಗಿತ್ತೆಂದು ತಿಳಿಯಿತು. ಆಕೆಯ ಬರಹದ ನಂತರ ತನಿಖೆ ನಡೆದು ಅದೇ ವರ್ಷ ಜೂನ್‌ನಲ್ಲಿ 20ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಕಂಪನಿಯ ಮುಖ್ಯಸ್ಥನೂ ರಾಜೀನಾಮೆ ಕೊಟ್ಟ. ಪ್ರತಿಯೊಬ್ಬಳಿಗೂ ನೀನೇ ಮೊದಲನೆಯವಳು ಎಂದು ಹೇಳಿ ಒಂಟಿ ಮಾಡುವುದು ಹಳೆಯ ಉಪಾಯ. ಬರೆದಿಟ್ಟ ಕಾಗದಗಳು ಒಂದೆಡೆ ಸೇರಿದಾಗ ಆ ಉಪಾಯ ನಡೆಯುವುದಿಲ್ಲ.

ಅದಕ್ಕೇ ಇವತ್ತು ನಾನು ಹೇಳಬೇಕಾದ ಮಾತು ಒಂದೇ: ಬರೆದಿಡಿ. ತಾರೀಖು, ಹೊತ್ತು, ಜಾಗ, ಆಡಿದ ಮಾತು, ಹತ್ತಿರ ಇದ್ದವರು. ಮೆಸೇಜು ಅಳಿಸಬೇಡಿ. ದೂರು ಕೊಡುವುದೋ ಬೇಡವೋ ಎಂದು ನಾಳೆ ಯೋಚಿಸಿ, ಬರೆಯುವುದನ್ನು ಇವತ್ತೇ ಮಾಡಿ. ಮೂರು ತಿಂಗಳ ಲೆಕ್ಕ ಮರೆಯಬೇಡಿ. ದೂರು ಕೊಟ್ಟ ಮೇಲೆ ಅದೇ ಮನುಷ್ಯ ನಿಮ್ಮ ಅಪ್ರೈಸಲ್ ಬರೆಯದಂತೆ ಮಾಡಿ ಎಂದು ಲಿಖಿತವಾಗಿ ಕೇಳಬಹುದು. ಬೇರೆ ಕಡೆ ವರ್ಗಾವಣೆ ಅಥವಾ ಮೂರು ತಿಂಗಳವರೆಗೆ ರಜೆ ಕೇಳಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಾಕ್ಷ್ಯ ಸಾಲದೆ ಹೋದ ಮಾತ್ರಕ್ಕೆ ದೂರು ಸುಳ್ಳು ಎಂದು ನಿಮ್ಮ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ.

ಇಷ್ಟೆಲ್ಲ ಇದ್ದರೂ ಸಮಿತಿಯ ಹೆಸರು ಗೋಡೆಯ ಮೇಲೆ ಮಾತ್ರ ಇರುವ ಕಂಪನಿಗಳಿವೆ. ಕಾನೂನಿನ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದು ಸುಪ್ರೀಂ ಕೋರ್ಟೇ 2023ರಲ್ಲಿ ಹೇಳಿತು. ಆದ್ದರಿಂದ ಗಂಡಸು ಕೇಳುಗರಲ್ಲೂ ಒಂದು ಮಾತು. ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡವರು ನೀವು. ಸಮಿತಿ ಕರೆದಾಗ, ನಾನು ನೋಡಿದೆ, ಕೇಳಿದೆ ಎಂದು ಹೇಳಿ. ಅಷ್ಟು ಸಾಕು.

ಆ ಹುಡುಗಿ ಏನಾದಳು ಎಂದು ಕೇಳುತ್ತೀರಿ. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು ಎಂದು ಕಾನೂನಿನಲ್ಲಿದೆ. ಅವಳು ಬರೆದಳು. ತಡ ಯಾಕಾಯಿತು ಎಂಬಲ್ಲಿ ನನ್ನ ಮಾತನ್ನೂ ಬರೆದುಕೋ ಎಂದೆ. ಬೇಡ ಅಕ್ಕಾ ಎಂದಳು. ಅರ್ಜಿ ಸ್ವೀಕಾರವಾಯಿತು. ಮುಂದಿನದನ್ನು ಹೇಳುವಂತಿಲ್ಲ, ಇಂಥ ವಿಚಾರಣೆಯ ಗುಟ್ಟು ಕಾಯಬೇಕೆಂದು ಕಾನೂನೇ ಹೇಳುತ್ತದೆ.

ಕೇಳುಗರೇ, ನಿಮ್ಮ ಮನೆಯ ಮಗಳೋ, ತಂಗಿಯೋ, ಬಾಡಿಗೆಗಿರುವ ಹುಡುಗಿಯೋ ಒಂದು ಸಂಜೆ ಹೀಗೆ ಮಾತಿಗೆ ಬಂದರೆ, ದಯವಿಟ್ಟು ನಾನು ಮೊದಲ ಸಲ ಹೇಳಿದ್ದನ್ನು ಹೇಳಬೇಡಿ. ಯಾವತ್ತು ಆಯಿತಮ್ಮಾ ಎಂದು ಕೇಳಿ, ಕೈಗೆ ಪೆನ್ನು ಕೊಡಿ.