ಅಣ್ಣಾವ್ರ ಆಯ್ದ ಹಾಡುಗಳು



ಚಾಮರಾಜನಗರದಿಂದ ತಾಳವಾಡಿ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ತಮಿಳುನಾಡಿನ ಗಡಿ ಬರುತ್ತದೆ. ಬೋರ್ಡಿನ ಮೇಲಿನ ಅಕ್ಷರ ಬದಲಾಗುತ್ತದೆ, ಜನರ ಮಾತು ಮಾತ್ರ ಕನ್ನಡವೇ. ಅಲ್ಲಿನ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಮುಂದೆ ನಟ ರಾಜ್‌ಕುಮಾರ್ ಆದ ಮುತ್ತುರಾಜ ಹುಟ್ಟಿದರು. ತಂದೆ ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನವರು, ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಹೆಸರು ಮಾಡಿದ ನಟರು. ಆಗ ಕೊಳ್ಳೇಗಾಲವೂ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಗಡಿ ಯಾವ ಕಡೆ ಸರಿದರೂ ಚಾಮರಾಜನಗರ, ಗುಂಡ್ಲುಪೇಟೆಯ ಜನ ರಾಜ್‌ಕುಮಾರ್ ಅವರನ್ನು ‘ನಮ್ಮೂರ ಅಣ್ಣಾವ್ರು’ ಅಂತಲೇ ಕರೆಯುತ್ತಾ ಬಂದಿದ್ದಾರೆ.

ಅಣ್ಣಾವ್ರ ಹಿಟ್ಸ್ ಎಂಬ ಹೆಸರಿನಲ್ಲಿ ನಮ್ಮ ಮನೆಗಳಿಗೆ ಬಂದ ಕ್ಯಾಸೆಟ್ಟು, ಸಿ.ಡಿ.ಗಳ ಬಗ್ಗೆ ಇವತ್ತು ಮಾತಾಡೋಣ. ಹಾಡುಗಾರರೊಬ್ಬರ ಜನಪ್ರಿಯ ಹಾಡುಗಳನ್ನೆಲ್ಲ ಒಂದೇ ಕಡೆ ಸೇರಿಸಿ ಮಾರುವ ರೂಢಿ ಅಮೆರಿಕದಲ್ಲಿ ಬಲವಾದದ್ದು 1958ರಲ್ಲಿ. ಜಾನಿ ಮ್ಯಾಥಿಸ್ ಎಂಬ ಗಾಯಕರ ಬಿಡಿ ಹಾಡುಗಳನ್ನು ಕಂಪನಿ ಒಟ್ಟುಮಾಡಿ ಒಂದು ಗ್ರಾಮಫೋನ್ ತಟ್ಟೆಯಲ್ಲಿ ಹೊರತಂದಿತು. ಆ ತಟ್ಟೆ ಒಂಬತ್ತು ವರ್ಷಕ್ಕೂ ಮಿಕ್ಕಿ ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಉಳಿಯಿತು. ಹೊಸದಾಗಿ ಹಾಡಿಸುವ ಖರ್ಚಿಲ್ಲ, ಜನ ಮೆಚ್ಚುತ್ತಾರೋ ಇಲ್ಲವೋ ಎಂಬ ಅಳುಕಿಲ್ಲ. ವ್ಯಾಪಾರದ ಈ ಲೆಕ್ಕ ಎಲ್ಲ ದೇಶದವರಿಗೂ ಬೇಗ ಅರ್ಥವಾಯಿತು.

ನಮ್ಮಲ್ಲಿ ಆ ಕೆಲಸ ಮಾಡಿದ್ದು ಕ್ಯಾಸೆಟ್ಟು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಕಡೆಗೆ ಅರ್ಧ ಗಂಟೆ. ಸಿನಿಮಾ ಹಾಡು ನಾಲ್ಕೈದು ನಿಮಿಷದ್ದಾದರೆ ಆರೋ ಏಳೋ ಹಾಡು ಹಿಡಿಸುತ್ತದೆ, ಎರಡೂ ಕಡೆ ಸೇರಿ ಹನ್ನೆರಡರಿಂದ ಹದಿನಾಲ್ಕು. ಇಂಥ ಕ್ಯಾಸೆಟ್ಟಿನಲ್ಲಿ ಉದ್ದನೆಯ ಹಾಡಿಗೆ ಜಾಗ ಸಿಗುವುದು ಕಷ್ಟ. ಇನ್ನೊಂದು ಸಂಗತಿ ಕೊಳ್ಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹಾಡಿನ ಹಕ್ಕು ಯಾರದೋ ಅವರೇ ಅದನ್ನು ಸಂಗ್ರಹಕ್ಕೆ ಹಾಕಬಹುದು. ಒಂದು ಕಾಲದ ಹಾಡುಗಳು ಎಚ್.ಎಂ.ವಿ.ಯವರ ಬಳಿ ಇದ್ದವು. ಆಮೇಲೆ ಸಂಗೀತಾ, ಲಹರಿ ಕಂಪನಿಗಳು ಬಂದವು. ಹಾಗಾಗಿ ‘ಆಯ್ದ ಹಾಡು’ ಅಂದರೆ ಆ ಕಂಪನಿಯ ಪೆಟ್ಟಿಗೆಯಲ್ಲಿ ಇದ್ದುದರಲ್ಲಿ ಆಯ್ದದ್ದು ಅಷ್ಟೇ.

ಇದಕ್ಕೆ ಜನ ತಮ್ಮದೇ ದಾರಿ ಕಂಡುಕೊಂಡರು. ಖಾಲಿ ಕ್ಯಾಸೆಟ್ಟು ಕೊಂಡು, ನೋಟ್‌ಬುಕ್ಕಿನ ಹಾಳೆಯ ಮೇಲೆ ಬೇಕಾದ ಹಾಡುಗಳ ಹೆಸರು ಬರೆದು, ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಬರುವುದು. ‘ಹಾಡು ತುಂಬಿಸೋದು’ ಅನ್ನುತ್ತಿದ್ದರು. ಆ ಚೀಟಿಗಳಲ್ಲಿ ಕಂಪನಿಯ ಹಂಗಿರಲಿಲ್ಲ. ರಾಯರ ಭಕ್ತಿಗೀತೆಯ ಪಕ್ಕದಲ್ಲೇ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ಇಂಗ್ಲಿಷ್ ಹಾಡು ಬರಬಹುದಿತ್ತು. ಗುಂಡ್ಲುಪೇಟೆಯಿಂದ ತರಕಾರಿ ಹೇರಿಕೊಂಡು ಘಾಟಿ ದಾಟಿ ಕೇರಳಕ್ಕೆ ಹೋಗುವ ಲಾರಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಕೆ? ನನಗೆ ಕಂಪನಿಗಳ ಸಂಗ್ರಹಕ್ಕಿಂತ ಆ ಚೀಟಿಗಳ ಮೇಲೇ ಹೆಚ್ಚು ಗೌರವ.

ಆದರೆ ಎರಡರಲ್ಲೂ ಒಂದು ಕೊರತೆ ಇತ್ತು. ಹಾಡುಗಳು ಕಾಲಕ್ರಮದಲ್ಲಿ ಇರುತ್ತಿರಲಿಲ್ಲ. ರಾಜ್‌ಕುಮಾರ್ ಅವರ ಹಾಡುಗಳನ್ನು ಇಸವಿ ಪ್ರಕಾರ ಜೋಡಿಸಿ ಕೇಳಿದರೆ ಮಾತ್ರ ಆ ಗಾಯನದ ಬೇರು ಎಲ್ಲಿದೆ ಎಂಬುದು ತಿಳಿಯುತ್ತದೆ. ಅದು ಕಂಪನಿ ನಾಟಕದಲ್ಲಿದೆ.

ನಾಟಕದ ನಟ ತನ್ನ ಹಾಡನ್ನು ತಾನೇ ಹಾಡಬೇಕಿತ್ತು. ಮೈಕು ಇಲ್ಲದ ಕಾಲದಲ್ಲಿ, ಹಾರ್ಮೋನಿಯಂ ಹಿಡಿದ ಶ್ರುತಿಗೆ ಮಾತಿನಿಂದ ನೇರವಾಗಿ ಹಾಡಿಗೆ ದಾಟಬೇಕು. ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಒಂದೊಂದು ಅಕ್ಷರ ಬಿಡಿಸಿ ಕೇಳಿಸಬೇಕು. ಮುತ್ತುರಾಜ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಕಲಿತದ್ದು ಇದನ್ನು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು, ಹೆಸರು ರಾಜ್‌ಕುಮಾರ್ ಆಯಿತು, ಹಾಡುವ ಕೆಲಸ ಹಿನ್ನೆಲೆ ಗಾಯಕರ ಪಾಲಾಯಿತು. 50ರ ದಶಕದಲ್ಲೇ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜೊತೆ ಅವರು ಒಂದು ಯುಗಳಗೀತೆ ಹಾಡಿದ್ದು ನಿಜ. ಆದರೂ ಬಹುಕಾಲ ಅವರ ದನಿ ಅಂದರೆ ಪಿ.ಬಿ. ಶ್ರೀನಿವಾಸ್ ಅವರ ದನಿ. ‘ಭಕ್ತ ಕನಕದಾಸ’ ಆಗಲಿ, ‘ಕಸ್ತೂರಿ ನಿವಾಸ’ ಆಗಲಿ, ಶ್ರೀನಿವಾಸ್ ಇಲ್ಲದೆ ನೆನಪಾಗುವುದೇ ಇಲ್ಲ. ರಾಜ್ ಸಂಗ್ರಹಗಳು ಈ ಹಾಡುಗಳನ್ನೂ ಒಳಗೆ ಸೇರಿಸಿಕೊಳ್ಳುತ್ತವೆ, ಎಷ್ಟೋ ಸಲ ಹಾಡಿದವರ ಹೆಸರನ್ನೇ ಹಾಕದೆ. ಅದು ತಪ್ಪು.

ತೆರೆಯ ಮೇಲಿನ ರಾಜ್ ಅವರ ದನಿ ಬದಲಾದದ್ದು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆ ಹಾಡಿನಿಂದ. ಶ್ರೀನಿವಾಸ್ ಅವರು ಅಂದು ಸಿಗದ ಕಾರಣ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ನಾಯಕನಿಂದಲೇ ಹಾಡಿಸಿದರು. ಎಮ್ಮೆಯ ಮೇಲೆ ಕೂತ ಹಳ್ಳಿ ಹೈದನ ಹಾಡು ಅದು. ಮತ್ತೊಮ್ಮೆ ಕಿವಿಗೊಟ್ಟು ಕೇಳಿ. ಎಮ್ಮೆಯನ್ನು ಗದರಿಸುವ, ಹುರುಪು ಹತ್ತಿಸುವ ಸದ್ದು ಎಲ್ಲಿ ಮುಗಿದು ರಾಗ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗುವುದಿಲ್ಲ. ದನ ಕಾಯುವ ಊರಿನ ಕೂಗು ಅದರಲ್ಲಿದೆ, ರಂಗದ ಮೇಲೆ ಮಾತಿನಿಂದ ಹಾಡಿಗೆ ದಾಟುವ ವಿದ್ಯೆಯೂ ಇದೆ. ಆಮೇಲೆ ತಮ್ಮ ಪಾತ್ರಗಳಿಗೆ ಹೆಚ್ಚಿನಂಶ ರಾಜ್ ತಾವೇ ಹಾಡಿದರು.

ಮೂರು ವರ್ಷದ ನಂತರ, 1977ರಲ್ಲಿ, ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’. ಅರ್ಜುನನೂ ರಾಜ್, ಮಗ ಬಭ್ರುವಾಹನನೂ ರಾಜ್. ತಂದೆ ಮಗ ಎದುರುಬದುರು ನಿಂತು ಹಾಡಿನಲ್ಲೇ ಹಳಿದುಕೊಳ್ಳುವ ಆ ಸವಾಲ್-ಜವಾಬ್ ನಮ್ಮ ಕಡೆ ಪೌರಾಣಿಕ ನಾಟಕ ಆಡುವವರಿಗೆಲ್ಲ ಬಾಯಿಪಾಠ. ಅಲ್ಲಿ ಒಂದು ದನಿ ರಾಜ್ ಅವರದು, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದು. ಇಪ್ಪತ್ತು ವರ್ಷ ಒಂದೇ ಮುಖಕ್ಕೆ ಸೇರಿದ್ದ ಎರಡು ದನಿಗಳು ಒಂದೇ ಹಾಡಿನಲ್ಲಿ ಎದುರಾದವು. ಶ್ರೀನಿವಾಸ್ ಅವರದು ಮೃದುವಾಗಿ ಜಾರುವ ದನಿ, ರಾಜ್ ಅವರದು ಪದವನ್ನು ಕಚ್ಚಿ ಹಿಡಿಯುವ ದನಿ. ಒಂದೇ ಹಾಡು ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ಸಾಲುಸಾಲು ಹಾಡುಗಳು: ಇಳಯರಾಜಾ ಸಂಗೀತದ ‘ನೀ ನನ್ನ ಗೆಲ್ಲಲಾರೆ’, ಎಂ. ರಂಗರಾವ್ ಅವರ ‘ಹೊಸ ಬೆಳಕು’, ‘ಕವಿರತ್ನ ಕಾಳಿದಾಸ’. 1992ರ ‘ಜೀವನ ಚೈತ್ರ’ದಲ್ಲಿ ಉಪೇಂದ್ರ ಕುಮಾರ್ ಅವರ ಸಂಗೀತದಲ್ಲಿ ನಾದದ ಮೇಲಿನ ಹಾಡು. ಅದಕ್ಕೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಆಗ ರಾಜ್ ಅವರಿಗೆ ಅರವತ್ತು ದಾಟಿತ್ತು. ಆಲಾಪ, ಸ್ವರ ಎಲ್ಲ ಇರುವ ಆ ಹಾಡನ್ನು ಕೆಲವು ಸಂಗ್ರಹಗಳಲ್ಲಿ ಮೊಟಕು ಮಾಡಿ ಹಾಕಿರುತ್ತಾರೆ. ಅಂಥದ್ದನ್ನು ಕೊಳ್ಳಬೇಡಿ, ಪೂರ್ತಿ ಇರುವುದನ್ನೇ ಹುಡುಕಿ.

ಎಂ.ಪಿ.3 ಬಂದ ಮೇಲೆ ಜಾಗದ ತಾಪತ್ರಯ ತೀರಿತು, ಒಂದೇ ಸಿ.ಡಿ.ಯಲ್ಲಿ ನೂರಕ್ಕೂ ಹೆಚ್ಚು ಹಾಡು. ಈಗ ಮೊಬೈಲಿನಲ್ಲಿ ನಿಮ್ಮ ಪಟ್ಟಿ ನೀವೇ ಮಾಡಿಕೊಳ್ಳಬಹುದು. ಇಸವಿ ಪ್ರಕಾರ ಜೋಡಿಸಿ. ಶ್ರೀನಿವಾಸ್ ಹಾಡಿದ ಎರಡು ಮೂರು ಹಾಡು ಮೊದಲು ಬರಲಿ, ಅವರ ಹೆಸರಿನ ಸಮೇತ. ಕೊನೆಯ ಭಾಗದಲ್ಲಿ 1993ರ ‘ಮುದ್ದಿನ ಮಾವ’ದ ದೀಪಾವಳಿ ಹಾಡು ಇರಲೇಬೇಕು. ಅದರಲ್ಲಿ ಮಾವನ ಪಾತ್ರ ಮಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅವರು ನಟ ಶಶಿಕುಮಾರ್‌ಗೆ ಹಾಡಿದರು. ಬಾಲಸುಬ್ರಹ್ಮಣ್ಯಂ ಅವರ ಪಾತ್ರಕ್ಕೆ ಹಿನ್ನೆಲೆಯಲ್ಲಿ ಹಾಡಿದವರು ರಾಜ್‌ಕುಮಾರ್.