ಮುಂದಾಳಿನ ಮಾತೂ ಜನರ ಸಾಕ್ಷ್ಯವೂ



ಒಬ್ಬ ಸಾಕ್ಷಿಯು ನುಡಿಯುತ್ತಿರುವಾಗ ಉಳಿದ ಸಾಕ್ಷಿದಾರರನ್ನು ನ್ಯಾಯಾಲಯದ ಹೊರಗೆ ಕುಳ್ಳಿರಿಸುವ ರೂಢಿಯನ್ನು ನೀವೆಲ್ಲರೂ ಬಲ್ಲಿರಿ. ಮೊದಲನೆಯವನ ಮಾತು ಎರಡನೆಯವನ ಕಿವಿಗೆ ಬಿದ್ದೊಡನೆ, ಕಂಡುದರೊಡನೆ ಕೇಳಿದುದೂ ಬೆರೆಯುತ್ತದೆ. ಅದಕ್ಕಾಗಿ ಅವನು ಸುಳ್ಳುಗಾರನೇ ಆಗಬೇಕೆಂದಿಲ್ಲ. ಸಭೆಗಳಲ್ಲಿಯಾದರೋ ನಾವು ಎಲ್ಲರಿಗಿಂತ ದೊಡ್ಡವರನ್ನು ಎಲ್ಲರಿಗಿಂತ ಮೊದಲು ಮಾತನಾಡಿಸಿ, ಬಳಿಕ ಜನಾಭಿಪ್ರಾಯವನ್ನು ಕೇಳುತ್ತೇವೆ! ಆಗ ಏಳುವ ಸಾವಿರ ಕೈಗಳು ಒಂದೇ ಸಾಕ್ಷ್ಯದ ಸಾವಿರ ಪ್ರತಿಗಳು.

ಮುಂದಾಳು ಎಷ್ಟು ಪೂಜ್ಯನೋ ಈ ಅಪಾಯವೂ ಅಷ್ಟೇ ಹಿರಿದು. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನರು ಮಡಿದರು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೈವವು ವಿಧಿಸಿದ ದಂಡನೆಯೆಂದು ಮಹಾತ್ಮರು ಸಾರಿದರು. ಅಸ್ಪೃಶ್ಯತೆಯು ಪಾಪವೆಂಬುದರಲ್ಲಿ ರವೀಂದ್ರನಾಥ ಠಾಕೂರರಿಗೂ ಸಂಶಯವಿರಲಿಲ್ಲ. ಆದರೆ ನೆಲದ ನಡುಕಕ್ಕೆ ಭೌತಿಕ ಕಾರಣಗಳೇ ಹೊರತು ಬೇರೆಯಿಲ್ಲವೆಂದೂ, ನಮ್ಮ ಜನರು ಇಂಥ ಅವೈಜ್ಞಾನಿಕ ಮಾತನ್ನು ಬೇಗನೆ ನಂಬಿಬಿಡುವರೆಂದೂ ಅವರು ಬಹಿರಂಗವಾಗಿ ಆಕ್ಷೇಪಿಸಿದರು. ಗಾಂಧೀಜಿಯವರು ಆ ಆಕ್ಷೇಪಣೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಹಾಕಿಸಿ ಉತ್ತರವಿತ್ತರು; ತಮ್ಮ ನಂಬಿಕೆಯನ್ನು ಮಾತ್ರ ಬಿಡಲಿಲ್ಲ. ಈ ವಾದದಲ್ಲಿ ಸತ್ಯವು ಕವಿಗಳ ಕಡೆಗಿತ್ತೆಂದು ನಾನು ಅಂಜದೆ ಹೇಳುವೆನು. ಆದರೂ ಎದುರುವಾದಿಯ ಮಾತನ್ನು ತನ್ನ ಅನುಯಾಯಿಗಳ ಕೈಗೆ ತಾನೇ ಕೊಡುವ ಧೈರ್ಯವು ಎಷ್ಟು ಮಂದಿ ಮುಂದಾಳುಗಳಿಗೆ ಇದ್ದೀತು?

ನಮ್ಮ ನಾಡಿನ ಪ್ರಶ್ನೆಗೆ ಬರೋಣ. ೧೯೨೦ರಲ್ಲಿ ನಾಗಪುರದ ಕಾಂಗ್ರೆಸ್ಸು ತನ್ನ ಸಂಘಟನೆಗೆ ಭಾಷಾನುಸಾರ ಪ್ರಾಂತಗಳನ್ನು ಒಪ್ಪಿತು. ೧೯೪೯ರಲ್ಲಿ ನೆಹರೂ, ಪಟೇಲ, ಪಟ್ಟಾಭಿ ಸೀತಾರಾಮಯ್ಯ ಈ ಮೂವರು ಹಿರಿಯರು ಸದ್ಯಕ್ಕೆ ಅದನ್ನು ಮುಂದಕ್ಕೆ ಹಾಕುವುದೇ ಲೇಸೆಂದರು. ದೇಶವು ಆಗತಾನೇ ಒಡೆದಿದ್ದಿತು. ಅವರ ಭಯವು ನಿರಾಧಾರವೆನ್ನಲಾರೆನು. ಆದರೆ ಹಿರಿಯರ ಮಾತನ್ನು ಮೀರಲಾರದೆ ಏಕೀಕರಣದ ಕಟ್ಟಾಳುಗಳಲ್ಲಿಯೂ ಕೆಲವರು ದನಿ ತಗ್ಗಿಸಿದರು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಭಾಷೆಯ ಸರಕಾರಿ ಕಾಗದವನ್ನು ಹಿಡಿದು, ಓದಿ ಹೇಳುವವರಿಗಾಗಿ ಅಲೆದ ರಾಯಚೂರಿನ ಒಕ್ಕಲಿಗನಿಗೆ ಗೊತ್ತಿದ್ದುದು ದನಿ ತಗ್ಗಿಸಿದವರಿಗೆ ಗೊತ್ತಿರಲಿಲ್ಲವೇ?

೧೯೫೩ರ ಕೊನೆಗೆ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು ದೇಶವೆಲ್ಲ ತಿರುಗಿ ೯,೦೦೦ಕ್ಕೂ ಮಿಕ್ಕ ಜನರ ಮಾತನ್ನು ಕೇಳಿತು. ಅದರ ಮುಂದೆ ೧,೫೨,೨೫೦ ಕಾಗದಪತ್ರಗಳು ಬಂದು ಬಿದ್ದುವು. ಬಹುಪಾಲು ತಂತಿಗಳು, ಅಚ್ಚಾದ ಠರಾವುಗಳು. ವಿಚಾರಮಾಡಿ ಬರೆದ ಮನವಿಗಳು ಸುಮಾರು ೨,೦೦೦ವನ್ನು ಮೀರಲಿಲ್ಲವೆಂದು ಆಯೋಗವೇ ತನ್ನ ವರದಿಯಲ್ಲಿ ಬರೆದಿದೆ.